ಮಂಗಳೂರು ಒಪ್ಪಂದ ಮತ್ತು ನಾನು ಹಾಕಿದ ಸೊನ್ನೆ

ಮೊನ್ನೆ ಸಂಜೆ ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಕುಳಿತು ಗುರುಪುರ ನದಿಯನ್ನು ನೋಡುತ್ತಿದ್ದಾಗ, ಅಧ್ಯಾಪನ ಕಾಲದ ನನ್ನದೊಂದು ತಪ್ಪು ನೆನಪಾಯಿತು. ಅದನ್ನಿಲ್ಲಿ ಒಪ್ಪಿಕೊಳ್ಳುವುದು ಉಚಿತವೆನಿಸಿತು.

1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಮಂಗಳೂರು ಒಪ್ಪಂದ ಏಕಾಯಿತು ಎಂದು ಪರೀಕ್ಷೆಯಲ್ಲಿ ಕೇಳಿದ್ದೆ. ‘ಎರಡೂ ಪಕ್ಷಗಳು ದಣಿದಿದ್ದವು’ ಎಂಬುದು ನಾನು ಬರೆಸಿದ್ದ ಉತ್ತರ. ಹಿಂದಿನ ಬೆಂಚಿನ ಹುಡುಗನೊಬ್ಬ ‘ಯೂರೋಪಿನಲ್ಲಿ ಫ್ರೆಂಚರೂ ಇಂಗ್ಲಿಷರೂ ರಾಜಿಯಾದುದರಿಂದ’ ಎಂದು ಬರೆದಿದ್ದ. ಸೊನ್ನೆ ಹಾಕಿದೆ. ‘ಸರ್, ನಿಮ್ಮ ಉತ್ತರವೇ ಸರಿಯೆಂದು ಹೇಗೆ ಗೊತ್ತು?’ ಎಂದ. ಗದರಿಸಿ ಕೂರಿಸಿದೆ.

ನಿವೃತ್ತಿಯ ಬಿಡುವಿನಲ್ಲಿ ಅಮೆರಿಕದ ಕೆನೆತ್ ವಾಲ್ಟ್ಜ್ ಅವರ 1959ರ ಗ್ರಂಥ ‘ಮ್ಯಾನ್, ದ ಸ್ಟೇಟ್ ಅಂಡ್ ವಾರ್’ ಓದಿದೆ. ಯುದ್ಧದ ಕಾರಣವನ್ನು ಮೂರು ನೆಲೆಗಳಲ್ಲಿ ಹುಡುಕಬಹುದೆನ್ನುತ್ತಾರೆ ಅವರು: ಮನುಷ್ಯಸ್ವಭಾವ, ರಾಜ್ಯದ ಒಳರಚನೆ, ರಾಜ್ಯಗಳ ನಡುವಣ ವ್ಯವಸ್ಥೆ. ನನ್ನ ಹುಡುಗ ಮೂರನೆಯ ನೆಲೆಯಲ್ಲಿ ನಿಂತಿದ್ದ!

ಹಾಗಾದರೆ ಯಾರ ಉತ್ತರ ಸರಿ? ಇಲ್ಲಿ ವಿಜ್ಞಾನದ ತತ್ತ್ವಶಾಸ್ತ್ರ ನೆರವಿಗೆ ಬರುತ್ತದೆ. ಯಾವ ಸಾಕ್ಷ್ಯದಿಂದ ತಾನು ಸುಳ್ಳಾಗಬಹುದೆಂದು ಹೇಳಲಾರದ ಸಿದ್ಧಾಂತ ವಿಜ್ಞಾನವಲ್ಲ ಎಂದರು ಕಾರ್ಲ್ ಪಾಪರ್. ಒಂದು ಅಪವಾದ ಸಿಕ್ಕಿತೆಂದು ಸಿದ್ಧಾಂತವನ್ನು ಎಸೆಯಬೇಡಿ, ಅದು ಹೊಸ ಸಂಗತಿಗಳನ್ನು ಕಾಣಿಸುತ್ತದೆಯೇ ನೋಡಿ ಎಂದರು ಇಮ್ರೆ ಲಾಕಟೋಶ್. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ, ವಾಲ್ಟ್ಜ್ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪರಂಪರೆ ಉಳಿಯಿತೇ, ಬಿದ್ದಿತೇ ಎಂದು ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸರು ಲಾಕಟೋಶರ ಅಳತೆಗೋಲನ್ನೇ ಹಿಡಿದು ವಾದಿಸಿದರು.

ಈ ಪಾಠವನ್ನು ನಮ್ಮೂರಿನ ಒಪ್ಪಂದಕ್ಕೂ ಅನ್ವಯಿಸಿ ನೋಡಿದೆ. 1783ರಲ್ಲಿ ಯೂರೋಪಿನ ಸಂಧಿಯ ಸುದ್ದಿ ತಲಪಿದಾಗ, ಮಂಗಳೂರು ಕೋಟೆಯ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಪಡೆ ಹಿಂದೆ ಸರಿಯಿತು, ಕದನವಿರಾಮವೂ ಆಯಿತು. ಇದು ಹುಡುಗನ ಮಾತಿಗೆ ಬಲ. ಆದರೆ ಟಿಪ್ಪುವಿನ ಸೈನ್ಯ ಅಲ್ಲಿಂದ ಕದಲಲಿಲ್ಲ. ಒಳಗಿದ್ದ ಕಂಪೆನಿಯ ಪಡೆ ಹಸಿವಿನಿಂದ ಕಂಗೆಟ್ಟು ಕೋಟೆಯನ್ನು ಒಪ್ಪಿಸಿದ್ದು 1784ರ ಜನವರಿಯಲ್ಲಿ. ಆದ್ದರಿಂದ ಅವನ ಉತ್ತರವೂ ಪೂರ್ಣವಲ್ಲ.

ಇನ್ನು ನನ್ನ ‘ದಣಿವು’? ಅದು ಜಗತ್ತಿನ ಯಾವ ಒಪ್ಪಂದಕ್ಕೂ ಹೊಂದುತ್ತದೆ. ಯಾವ ಸಾಕ್ಷ್ಯದಿಂದಲೂ ಸುಳ್ಳಾಗದು. ಪಾಪರರು ಮೌಲ್ಯಮಾಪನಕ್ಕೆ ಕುಳಿತಿದ್ದರೆ ಸೊನ್ನೆ ಬೀಳುತ್ತಿದ್ದುದು ನನಗೇ.

ಮಗೂ, ನೀನೆಲ್ಲಿದ್ದರೂ ಇದನ್ನು ಓದುವಂತಾಗಲಿ. ನಿನ್ನ ಉತ್ತರಕ್ಕೆ ನಾಲ್ಕರಲ್ಲಿ ಮೂರು ಅಂಕ. ಅಂದು ಎದ್ದುನಿಂತು ಕೇಳಿದ ಪ್ರಶ್ನೆಗೆ ಪೂರ್ಣಾಂಕ. ಗದರಿಸಿದ್ದಕ್ಕೆ ಈ ಮುದುಕ ಮೇಷ್ಟರ ಕ್ಷಮಾಯಾಚನೆ.