ಬೇಟೆಗಾರನೆಂಬ ಮಿತ್ರ

ಹೋದ ವರ್ಷ ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಅವಳ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಸಂಜೆ ಪಾಶ್ಚಾತ್ಯ ವಾದ್ಯವೃಂದದ ಕಚೇರಿಗೆ ಹೋದೆನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನನಗೆ ಆ ಸಂಗೀತದಲ್ಲಿ ಪರಿಚಯವಾಗಲಿ ಆದರವಾಗಲಿ ಇರಲಿಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆನು.

ಓಬೋ ಎಂಬ ಸುಷಿರವಾದ್ಯವು ಹಿಡಿದ ಒಂದೇ ಸ್ವರಕ್ಕೆ ವಾದಕರೆಲ್ಲರೂ ತಮ್ಮ ವಾದ್ಯಗಳನ್ನು ಹೊಂದಿಸಿಕೊಂಡಾಗ, ಶ್ರುತಿಯು ಎಲ್ಲೆಡೆಯೂ ತಾಯಿಯೇ ಎಂದು ತೋರಿ ಮನಸ್ಸಿನ ಬಿಗುಪು ತುಸು ಸಡಿಲಿತು. ಮೊದಲು ಜರ್ಮನಿಯ ಬೀಥೋವನ್ನನ ಒಂದು ಸಿಂಫನಿ. ವಿರಾಮದ ಮೇಲೆ ಇಂಗ್ಲೆಂಡಿನ ಎಡ್ವರ್ಡ್ ಎಲ್ಗರನ 'ಎನಿಗ್ಮಾ ವೇರಿಯೇಷನ್ಸ್'. ಒಂದೇ ಮಟ್ಟನ್ನು ಹದಿನಾಲ್ಕು ಬಗೆಯಾಗಿ ಮಾರ್ಪಡಿಸಿ, ಅವುಗಳಲ್ಲಿ ತನ್ನ ಆಪ್ತರನ್ನೂ ಕಡೆಗೆ ತನ್ನನ್ನೂ ಚಿತ್ರಿಸಿದ ಈ ಕೃತಿಯು 1899ರಲ್ಲಿ ಲಂಡನ್ನಿನಲ್ಲಿಯೇ ಮೊದಲು ಕೇಳಿಬಂದಿತು.

ವಿರಾಮದಲ್ಲಿ ಮಗಳು ಒಂಬತ್ತನೆಯ ಭಾಗದ ಕಥೆಯನ್ನು ಹೇಳಿದಳು. ಅದರ ಹೆಸರು 'ನಿಮ್ರಾಡ್'. ಇದರಲ್ಲಿ ನಮ್ಮವರು ಮೆಚ್ಚತಕ್ಕ ಶ್ಲೇಷವಿದೆ. ನಿಮ್ರಾಡನು ಬೈಬಲಿನ ಬೇಟೆಗಾರ; ಎಲ್ಗರನ ಮಿತ್ರನಾದ ಆಗಸ್ಟ್ ಯೇಗರನ ಹೆಸರಿಗೂ ಜರ್ಮನ್ ಭಾಷೆಯಲ್ಲಿ ಬೇಟೆಗಾರನೆಂದೇ ಅರ್ಥ. ಡುಸೆಲ್‌ಡಾರ್ಫಿನಲ್ಲಿ ಹುಟ್ಟಿದ ಈತನು ಲಂಡನ್ನಿನ ಸಂಗೀತಪ್ರಕಾಶಕರಲ್ಲಿ ಕೆಲಸಕ್ಕಿದ್ದನು. ಎಲ್ಗರನು ಎದೆಗುಂದಿದಾಗ ಬೀಥೋವನ್ನನ ಕಷ್ಟಗಳನ್ನು ನೆನಪಿಸಿ ಧೈರ್ಯ ತುಂಬಿದನು. ಈ ಕೃತಿಯ ಕೊನೆಯು ಮೊಟಕಾಯಿತೆಂದು ದಾಕ್ಷಿಣ್ಯವಿಲ್ಲದೆ ಹೇಳಿ, ಅದನ್ನು ಬೆಳೆಸುವಂತೆ ಮಾಡಿದನು. 1909ರಲ್ಲಿ ತೀರಿಕೊಂಡನು. 1914ರ ಯುದ್ಧ ಬಂದ ಮೇಲೆ ಜರ್ಮನ್ ಹೆಸರನ್ನು ಹೊತ್ತು ಬಾಳುವುದು ಕಷ್ಟವಾಗಿ, ಆತನ ವಿಧವೆಯು ಮನೆತನದ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ 'ಹಂಟರ್' ಎಂದಿಟ್ಟುಕೊಂಡಳು. ಆದರೂ ಇಂದು ಪ್ರತಿ ನವೆಂಬರಿನಲ್ಲಿ, ಯುದ್ಧದಲ್ಲಿ ಮಡಿದವರ ಸ್ಮಾರಕದೆದುರು ಬ್ರಿಟಿಷರು ನುಡಿಸುವುದು ಆ ಜರ್ಮನ್ ಗೆಳೆಯನ ಚಿತ್ರವನ್ನೇ!

ತಂತಿವಾದ್ಯಗಳಲ್ಲಿ ಕೇಳಿಯೂ ಕೇಳದಂತೆ ಮೊದಲಾದ ಆ ವಿಲಂಬಗತಿಯು ಮೆಲ್ಲಮೆಲ್ಲನೆ ಉಕ್ಕೇರಿ, ಥಟ್ಟನೆ ತಗ್ಗಿ ಅಡಗಿತು. ನನ್ನ ಕಣ್ಣು ತೇವವಾಗಿದ್ದವು. ನೆನಪಾದವರು, ಬೆಳಗಾವಿಯಲ್ಲಿ ನನ್ನೊಡನೆ ಮಾಸ್ತರರಾಗಿದ್ದ ಒಬ್ಬ ಮರಾಠಿ ಪಂಡಿತರು. ನನ್ನ ಮೊದಲ ಲೇಖನವನ್ನು ಅಕ್ಷರಅಕ್ಷರವಾಗಿ ತಿದ್ದಿದವರು. ಕೆಲಸ ಬಿಟ್ಟು ಹೋಗಲೆಂದು ಗಂಟು ಕಟ್ಟಿದವನನ್ನು ರಾತ್ರಿಯೆಲ್ಲ ಕುಳಿತು ಸಮಾಧಾನಪಡಿಸಿ ನಿಲ್ಲಿಸಿದವರು. 1986ರ ಭಾಷಾಕಲಹದ ದಿನಗಳಲ್ಲಿ ಅವರಿಗೆ ನಾನೊಂದು ಕಟುವಚನವನ್ನಾಡಿದೆನು. ಅಂದಿನಿಂದ ನಮ್ಮೊಳಗೆ ಮಾತಿರಲಿಲ್ಲ.

ಊರಿಗೆ ಮರಳಿದೊಡನೆ, ನನಗೆ ಬರುವಷ್ಟು ಮರಾಠಿಯಲ್ಲಿ ಅವರಿಗೆ ಕ್ಷಮೆ ಬೇಡಿ ಕಾಗದ ಬರೆದೆನು. ಹತ್ತನೆಯ ದಿನ ಉತ್ತರ ಬಂದಿತು. ನನ್ನ ಮರಾಠಿಯ ಮೂರು ತಪ್ಪುಗಳನ್ನು ಮೊದಲು ತಿದ್ದಿ, ಆಮೇಲೆ ಕ್ಷೇಮಸಮಾಚಾರವನ್ನು ಕೇಳಿದ್ದರು.