ಉಸಿರು ನಿಲ್ಲುವ ಜಾಗ

ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಒಂದು ಚಟ. ಯಾರಾದರೂ ಸಂಗೀತದ ಮಾತೆತ್ತಿದರೆ ಸಾಕು, ‘ಭೀಮಸೇನ ಜೋಶಿ ನಮ್ಮ ಗದಗಿನ ಕಡೆಯವರು’ ಎಂದು ಎದೆಯುಬ್ಬಿಸಿ ಹೇಳಿಬಿಡುತ್ತೇವೆ. ನಾನೂ ಹೇಳುತ್ತಿದ್ದೆ. ಅವರ ಒಂದು ರಾಗವನ್ನೂ ಪೂರ್ತಿ ಕೂತು ಕೇಳಿದವನಲ್ಲ ಅನ್ನೋದು ಬೇರೆ ಮಾತು. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ರಾಜಕುಮಾರ್, ಪಿ.ಬಿ. ಶ್ರೀನಿವಾಸ್ ಹಾಡು ಕೇಳಿ ಬೆಳೆದ ನನಗೆ ಹಿಂದೂಸ್ತಾನಿ ಅಂದರೆ ಬರೀ ‘ಆ...’ ಎಂದು ಎಳೆಯುವುದು, ಅಷ್ಟೆ.

2001ರಲ್ಲಿ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸದಾಶಿವ ಪೇಟೆಯ ಹಳೇ ವಾಡೆಯೊಂದರ ಮಹಡಿಯಲ್ಲಿ ಕೋಣೆ ಹಿಡಿದೆ. ಕೆಳಗೆ ಮನೆ ಮಾಲೀಕರು, ನಿವೃತ್ತ ಮೇಷ್ಟ್ರು, ಒಂಟಿ ಜೀವ. ಓಣಿಗೆಲ್ಲ ಅವರು ‘ಕಾಕಾ’. ಮುಂಗೋಪಿ. ನಾನು ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಮಾಡಿದರೂ ಗದರುವವರು.

2003ರ ಡಿಸೆಂಬರಿನಲ್ಲಿ ಅಮ್ಮ ಹೋದಳು. ಫೋನು ಬಂದು, ಸಿಕ್ಕ ರೈಲು ಹಿಡಿದು, ಅರಸೀಕೆರೆಯಲ್ಲಿಳಿದು ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಕಾಯೋಣ ಅಂತ ಅಕ್ಕ ಹೇಳಿದಳಂತೆ, ಹಿರಿಯರು ಒಪ್ಪಲಿಲ್ಲವಂತೆ. ನನಗೆ ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು. ತಿಥಿ ಮುಗಿಸಿ ಪುಣೆಗೆ ವಾಪಸಾದೆ. ಡ್ಯೂಟಿ, ಮೆಸ್ಸಿನ ಊಟ, ನಿದ್ದೆ. ಎಲ್ಲ ಮೊದಲಿನ ಹಾಗೇ ನಡೆಯುತ್ತಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತ್ತು.

ಜನವರಿ 12ರ ಬೆಳಗ್ಗೆ. ಸೆಕೆಂಡ್ ಶಿಫ್ಟು, ಹಾಗಾಗಿ ಇನ್ನೂ ಹಾಸಿಗೆಯಲ್ಲೇ ಇದ್ದೆ. ಕೆಳಗಿನಿಂದ ತಂಬೂರಿಯ ನಾದ ಬಂತು. ಆಮೇಲೆ ಒಂದು ದನಿ. ಸಣ್ಣಗೆ ಶುರುವಾಗಿ ತಟ್ಟನೆ ಮೇಲಕ್ಕೆ ಚಿಮ್ಮಿತು, ಅಲ್ಲೇ ನಿಂತಿತು. ಬರೀ ತಂಬೂರಿ. ಮತ್ತೆ ನಾಲ್ಕು ಮಾತು, ಮತ್ತೆ ನಿಲುಗಡೆ. ನಾನು ಎದ್ದು ಕೂತೆ. ಅಮ್ಮ ಹಾಡುತ್ತಿದ್ದುದು ಹೀಗೇ!

ಅಮ್ಮನಿಗೆ ಉಬ್ಬಸ. ಆದರೂ ಅಕ್ಕಿ ಆರಿಸುವಾಗ, ಅವರೆಕಾಯಿ ಸುಲಿಯುವಾಗ ತತ್ವಪದ ಗುನುಗುತ್ತಿದ್ದಳು. ಅರ್ಧ ಸಾಲಿಗೆ ಉಸಿರು ಕಟ್ಟೋದು. ನಿಲ್ಲಿಸಿ, ಎದೆ ನೀವಿಕೊಂಡು, ಬಿಟ್ಟ ಜಾಗದಿಂದಲೇ ಎತ್ತಿಕೊಳ್ಳುವಳು. ಚಿಕ್ಕವನಿದ್ದಾಗ ನೆಂಟರ ಮುಂದೆ ಆ ಹಾಡು ನನಗೆ ನಾಚಿಕೆ. ಕೆಲಸ ಸಿಕ್ಕ ಮೇಲೆ ಒಮ್ಮೆ ಟೇಪ್ ರೆಕಾರ್ಡರ್ ಒಯ್ದಿದ್ದೆ. “ಈಗ ಉಸಿರು ನಿಲ್ಲಲ್ಲ ಕಣಪ್ಪ, ಚಳಿ ಕಳೀಲಿ, ಹಾಡ್ತೀನಿ” ಅಂದಳು. ಸರಿ ಬಿಡು ಎಂದು ಅದೇ ಕ್ಯಾಸೆಟ್ಟಿಗೆ ಸಿನಿಮಾ ಹಾಡು ತುಂಬಿಸಿಕೊಂಡು ಬಂದೆ.

ಕೆಳಗಿಳಿದು ಬಾಗಿಲಲ್ಲಿ ನಿಂತೆ. ಕಾಕಾ ಗದರಲಿಲ್ಲ, ಕೂತುಕೋ ಎಂದು ಕೈ ಮಾಡಿದರು. ಒಂದು ಬದಿ ಮುಗಿದ ಮೇಲೆ ಇವರು ಯಾರು ಎಂದು ಕೇಳಿದೆ. “ಕುಮಾರ ಗಂಧರ್ವ. ಅರೇ, ತುಮಚೇಚ್ ಕೀ!” ಎಂದರು, ನಿಮ್ಮವರೇ ಅಲ್ಲವಾ ಎನ್ನುವಂತೆ. ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಗೊತ್ತಾದದ್ದು: ಹೆಸರು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ್ದು. ಚಿಕ್ಕ ವಯಸ್ಸಿಗೇ ಮುಂಬಯಿಗೆ, ಬಿ.ಆರ್. ದೇವಧರರ ಬಳಿ ಕಲಿಯಲು. ಹೆಸರು ಬರುತ್ತಿದ್ದ ಕಾಲಕ್ಕೆ ಕ್ಷಯ ತಗುಲಿತು. ಒಣ ಹವೆ ಒಳ್ಳೆಯದೆಂದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಐದಾರು ವರ್ಷ ಹಾಡುವ ಹಾಗಿಲ್ಲ. ಮಲಗಿದ್ದಲ್ಲೇ ಕಿವಿಗೆ ಬೀಳುತ್ತಿದ್ದ ಮಾಳವದ ಜನಪದ ಹಾಡು, ನಾಥಪಂಥದ ಜೋಗಿಗಳ ಪದ, ಇವೇ ಪಾಠ. ಸ್ಟ್ರೆಪ್ಟೋಮೈಸಿನ್ ಬಂದು ಜೀವ ಉಳಿಯಿತು. ಆದರೆ ಒಂದು ಶ್ವಾಸಕೋಶ ಹಾಳಾಗಿತ್ತು. ಇನ್ನೊಂದನ್ನೇ ನಂಬಿ ಮುಂದಿನ ನಾಲ್ಕು ದಶಕ ಹಾಡಿದರು. ನಾನು ಕೇಳಿದ್ದು ಕಬೀರನ ನಿರ್ಗುಣಿ ಭಜನೆ. 1992ರ ಜನವರಿ 12ರಂದು ಅವರು ತೀರಿಕೊಂಡರು. ಪ್ರತಿ ವರ್ಷ ಆ ದಿನ ಕಾಕಾ ಆ ಕ್ಯಾಸೆಟ್ ಹಾಕುತ್ತಿದ್ದರಂತೆ. ಹಿಂದಿನ ವರ್ಷಗಳಲ್ಲಿ ನಾನು ಫಸ್ಟ್ ಶಿಫ್ಟಿನಲ್ಲಿದ್ದೆನೋ ಏನೋ.

ಆ ತುಂಡು ತುಂಡು ಗಾಯನ ಅವರ ಶೈಲಿಯೇ ಹೊರತು ಕಾಯಿಲೆಯ ಫಲವಲ್ಲ ಎಂದು ವಾದಿಸುವ ಬಲ್ಲವರಿದ್ದಾರೆ. ಇರಬಹುದು, ನನಗೆ ಸಂಗೀತ ತಿಳಿಯದು. ಎರಡನೇ ಬದಿಯ ಹೊತ್ತಿಗೆ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಕಾಕಾ ಟೇಪು ನಿಲ್ಲಿಸಲಿಲ್ಲ, ಏನಾಯಿತೆಂದು ಕೇಳಲೂ ಇಲ್ಲ. ಎದ್ದು ಹೋಗಿ ಚಹಾಕ್ಕಿಟ್ಟರು.

ಚಹಾ ಕುಡಿಯುತ್ತ ಅಮ್ಮನ ವಿಷಯ ಹೇಳಿದೆ. ಏನು ಹಾಡುತ್ತಿದ್ದರು, ಹಾಡಿ ತೋರಿಸು ಅಂದರು. ಎರಡು ಸಾಲು ಬಂತು. ಮೂರನೆಯದು ಎಷ್ಟು ತಡಕಿದರೂ ಬರಲಿಲ್ಲ.

ಅವತ್ತು ಶಿಫ್ಟು ಮುಗಿಸಿ ಬರುವಾಗ ರಾತ್ರಿ ಹನ್ನೆರಡು. ಮರುದಿನ ಬೆಳಗ್ಗೆ ಎಸ್‌ಟಿಡಿ ಬೂತಿನಿಂದ ಅಕ್ಕನಿಗೆ ಫೋನು ಮಾಡಿದೆ. “ಇದಕ್ಕೆ ಇಷ್ಟು ಹೊತ್ತಿಗೇ ಫೋನಾ? ನಾನೆಲ್ಲೋ ಏನಾಯ್ತೋ ಅಂತ ಹೆದರ್ಕೊಂಡೆ” ಎಂದು ಬೈದು, ಆಮೇಲೆ ಮೆಲ್ಲಗೆ ಹಾಡಿದಳು. ಮೂರನೇ ಸಾಲಿನ ನಡುವೆ ದನಿ ನಿಂತಿತು. ಲೈನು ಕಟ್ಟಾಯಿತೇನೋ ಎಂದುಕೊಂಡೆ. ಇಲ್ಲ, ಮೀಟರು ಓಡುತ್ತಲೇ ಇತ್ತು. ಸ್ವಲ್ಪ ತಡೆದು, ಬಿಟ್ಟ ಜಾಗದಿಂದಲೇ ಮುಂದುವರಿಸಿದಳು.

ಅಕ್ಕನಿಗೆ ಉಬ್ಬಸ ಇಲ್ಲ.