ಲಜ್ಜೆಯೇ ಮೊದಲ ತೊಡಕು

ಹಂಪೆಯ ವಿರೂಪಾಕ್ಷಸ್ವಾಮಿಯ ರಥೋತ್ಸವಕ್ಕೆ ಕಂಪ್ಲಿಯಿಂದ ತಪ್ಪದೆ ಬರುತ್ತಿದ್ದ ನಮ್ಮ ದೊಡ್ಡಪ್ಪನವರು ಒಂದು ಚೈತ್ರದಲ್ಲಿ ಬರಲೊಲ್ಲೆನೆಂದರು. ಎರಡು ತಿಂಗಳ ಹಿಂದೆ ಅವರಿಗೆ ಶಸ್ತ್ರಚಿಕಿತ್ಸೆಯಾಗಿ, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಬಾಯಿ ಮಾಡಿದ್ದರು. ಇದನ್ನು ವೈದ್ಯರು ಸ್ಟೋಮಾ ಎನ್ನುವರು. ಮಲವು ಅಲ್ಲಿಂದ ಹೊರಟು, ಮೈಗೆ ಅಂಟಿಸಿದ ಚೀಲವನ್ನು ಸೇರುತ್ತದೆ.

ತೇರಿನ ಮರುದಿನ ನಾವು ಹೊಸಪೇಟೆಯಿಂದ ಹೋಗಿ ನೋಡಿದರೆ, ಅವರು ಕೋಣೆಯ ಕದವಿಕ್ಕಿಕೊಂಡಿದ್ದರು. "ಇದನ್ನು ನೀವು ನೋಡಬಾರದಪ್ಪ" ಎಂದರು. ಬಹಳವಾಗಿ ಬೇಡಿಕೊಂಡ ಮೇಲೆ ತೋರಿಸಿದರು. ಸುತ್ತಣ ಚರ್ಮವೆಲ್ಲ ಸುಲಿದು ಕೆಂಡದಂತಾಗಿತ್ತು! ಕಾರಣ ಮಾತ್ರ ಸಣ್ಣದು. ಮೊದಲು ಬಾತಿರುವ ಸ್ಟೋಮಾ ಆರೆಂಟು ವಾರಗಳಲ್ಲಿ ಕುಗ್ಗುವುದು. ದೊಡ್ಡಪ್ಪನವರು ಹಳೆಯ ಅಳತೆಗೇ ಚೀಲದ ಅಂಟುಬಿಲ್ಲೆಯಲ್ಲಿ ರಂಧ್ರವನ್ನು ಕತ್ತರಿಸುತ್ತಿದ್ದರು. ಅನ್ನವನ್ನು ಅರಗಿಸುವ ರಸವು ಆ ಸ್ರಾವದಲ್ಲಿರುವುದರಿಂದ, ತೆರೆದುಳಿದ ಚರ್ಮವನ್ನು ಅದು ಸುಡುತ್ತಿತ್ತು.

ದಾದಿಯೊಬ್ಬರು ಹೊಸದಾಗಿ ಅಳೆದು, ರಂಧ್ರವು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರು ಮಾತ್ರ ಹೆಚ್ಚಿರುವಂತೆ ಕತ್ತರಿಸಿಕೊಟ್ಟರು. ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ ಅಂಟಿಸತಕ್ಕದ್ದು. ಎಣ್ಣೆ ಸವರಿದರೆ ಅಂಟು ನಿಲ್ಲದು. ಚೀಲವು ಮೂರನೆಯ ಒಂದು ಪಾಲು ತುಂಬುತ್ತಲೇ ಬರಿದು ಮಾಡತಕ್ಕದ್ದು. ಕೆಲವೇ ದಿನಗಳಲ್ಲಿ ಹುಣ್ಣು ಮಾಯಿತು.

ನಮ್ಮ ಸೀಮೆಯ ಬಿಸಿಲಿನಲ್ಲಿ ಇನ್ನೊಂದು ಭಯವುಂಟು. ಇಂಥವರ ಮೈಯಿಂದ ನೀರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು. ವೈದ್ಯರು ಹೇಳಿದಷ್ಟು ಓ.ಆರ್.ಎಸ್. ಕುಡಿಯಬೇಕು. ನಾಲಗೆ ಒಣಗಿ ಮೂತ್ರವು ಕಡಿಮೆಯಾದರೆ ಉದಾಸೀನ ಸಲ್ಲದು. ಶೇಂಗಾ, ಕೊಬ್ಬರಿ, ಮೆಕ್ಕೆಜೋಳಗಳನ್ನು ಚೆನ್ನಾಗಿ ನುರಿಸಿ ತಿನ್ನಬೇಕು. ಸ್ರಾವವು ನಿಂತು ಹೊಟ್ಟೆ ನುಲಿದರೂ, ತುಟಿಯ ಒಳಮೈಯಂತೆ ಕೆಂಪಗಿರತಕ್ಕ ಸ್ಟೋಮಾ ಕಪ್ಪಾದರೂ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಭತ್ತದ ಮೂಟೆಯನ್ನು ಎತ್ತಿದರೆ ಪಕ್ಕದಲ್ಲಿ ಕರುಳು ಉಬ್ಬಿ ಹರ್ನಿಯಾ ಆದೀತು. ಒಕ್ಕಲುತನದ ದೊಡ್ಡಪ್ಪನವರಿಗೆ ಇದೊಂದೇ ಕಠಿನವೆನಿಸಿತು.

1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸ್ ಸೊರೆನ್‌ಸೆನ್ ಎಂಬವರು, ಸೋರೀತೆಂಬ ಅಂಜಿಕೆಯಿಂದ ಮನೆಬಿಟ್ಟು ಹೊರಡದಿದ್ದ ತಮ್ಮ ಸೋದರಿಗಾಗಿ ಈ ಅಂಟುಚೀಲವನ್ನು ಕಲ್ಪಿಸಿದರಂತೆ. ಮರೆಮಾಡಿದ ನೋವನ್ನು ಮನೆಯವಳೊಬ್ಬಳು ಕಂಡುದರಿಂದಲೇ ಅಲ್ಲವೆ ಈ ಉಪಕಾರ ಲೋಕಕ್ಕಾದುದು? ನಾವಾದರೋ ಎರಡು ತಿಂಗಳು "ಹೇಗಿದ್ದೀರಿ?" ಎಂದು ಕೇಳಿದೆವೇ ಹೊರತು, ತೋರಿಸಿರೆನ್ನಲಿಲ್ಲ.

ಮರುವರ್ಷದ ತೇರಿಗೆ ದೊಡ್ಡಪ್ಪನವರು ಬಂದರು. ಕೈಚೀಲದಲ್ಲಿ ಬಾಳೆಹಣ್ಣು, ಉತ್ತತ್ತಿಗಳ ಜೊತೆಗೆ ಒಂದು ಹೊಸ ಅಂಟುಚೀಲವೂ ನೀರಿನ ಸೀಸೆಯೂ ಇದ್ದುವು.